ಅಲಿಬಾಗ್‌ನಿಂದ ಕೋರ್ಲಾಯಿಗೆ: ಕಡಲ ದಂಡೆಯಲ್ಲಿ ಪುಣೆ ಕನ್ನಡಿಗರ ಒಂದು ದಿನ

ಪುಣೆ: ನಮ್ಮ ಬಳಗದ ಜನವರಿ ತಿಂಗಳ ಸಭೆಯಲ್ಲಿ ಕಾರ್ಯಸೂಚಿಯ ಕೊನೆಯ ವಿಷಯ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ' ಎಂದಿತ್ತು. ಮಗಳ ಮನೆಗೆಂದು ಯುರೋಪಿಗೆ ಹೋಗಿ ಆಗತಾನೆ ಮರಳಿದ್ದ ಸದಸ್ಯರೊಬ್ಬರು ಆಗ ಮೊಬೈಲ್ ತೆಗೆದು ಫೋಟೋ ತೋರಿಸತೊಡಗಿದರು. ಇಟಲಿಯ ವಾಯವ್ಯದಲ್ಲಿ ಮೆಡಿಟರೇನಿಯನ್ ಕಡಲಿಗೆ ಅಂಟಿಕೊಂಡಿರುವ ಚಿಂಕ್ವೆ ತೆರ್ರೆ ಎಂಬ ಐದು ಪುಟ್ಟ ಊರುಗಳವು. ಬಂಡೆಯ ಮೇಲೆ ಬಣ್ಣಬಣ್ಣದ ಮನೆಗಳು, ಕೆಳಗೆ ನೀಲಿ ನೀರು, ಊರಿಂದ ಊರಿಗೆ ರೈಲು. "ಬೆಳಗ್ಗೆ ಹೋಗಿ ಐದೂ ಊರು ನೋಡಿ ರಾತ್ರಿ ಮನೆಗೆ ಬಂದೆವು" ಎಂದು ಅವರು ಹೇಳುವಾಗ ಸಭೆಯಲ್ಲಿದ್ದವರೆಲ್ಲ ಆ ಒಂದು ಮೊಬೈಲಿನ ಸುತ್ತ ನೆರೆದಿದ್ದರು.

"ಅದಕ್ಕೆ ಇಟಲಿಗೇ ಹೋಗಬೇಕಾ? ಘಾಟ್ ಇಳಿದರೆ ನಮಗೂ ಸಮುದ್ರ ಇದೆಯಲ್ಲ" ಎಂದು ಮಹಿಳಾ ವಿಭಾಗದ ಸೋದರಿಯೊಬ್ಬರು ಹೇಳಿದರು. ಆ ಮಾತಿಗೆ ಚಪ್ಪಾಳೆ ಬಿತ್ತು. ಬ್ಯಾಂಕಿನವನು ಎಂಬ ಒಂದೇ ಕಾರಣಕ್ಕೆ ಖಜಾಂಚಿ ಆಗಿರುವ ನನ್ನ ಕೊರಳಿಗೆ ಪ್ರವಾಸದ ಜವಾಬ್ದಾರಿಯೂ ಬಿತ್ತು. ತಲಾ 1,200 ರೂಪಾಯಿ, 44 ಜನ, ಒಂದು ಬಸ್. ಅಲಿಬಾಗ್, ಆಕ್ಷಿ, ಚೌಲ್, ರೇವದಂಡಾ, ಕೋರ್ಲಾಯಿ ಎಂಬ ಐದು ಊರು ನಮ್ಮ ಪಟ್ಟಿಗೂ ಸೇರಿದವು. ತಿಂದು, ನೀರಿಗಿಳಿದು, ಫೋಟೋ ತೆಗೆಸಿಕೊಂಡು ಬರುವುದಷ್ಟೇ ನಮ್ಮ ಉದ್ದೇಶವಾಗಿತ್ತು. ಆದರೆ ಆ ಊರುಗಳು ನಮ್ಮ ಬಳಗಕ್ಕೆ ಬೇಕಾದ ಬೇರೊಂದು ವಿಷಯವನ್ನೂ ಹೇಳಿ ಕಳಿಸಿದವು. ಬಾರದೆ ಉಳಿದ ಸದಸ್ಯರಿಗೂ ಅದು ತಲುಪಲಿ ಎಂದು ಈ ಬರಹ.

ತಿಥಿಯ ಮುಕ್ಕಾಲು

ಅಲಿಬಾಗ್ ಕಡಲಿನೊಳಗಿರುವ ಕುಲಾಬಾ ಕೋಟೆಗೆ ನಡೆದು ಹೋಗಬೇಕೆಂದರೆ ಇಳಿತದ ಹೊತ್ತು ಗೊತ್ತಿರಬೇಕು. ಇದಕ್ಕೆ ಕೊಂಕಣದ ಮೀನುಗಾರರಲ್ಲಿ ಒಂದು ಬಾಯಿಲೆಕ್ಕ ಇದೆ. ಆ ದಿನದ ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿದರೆ ಭರತದ ಗಂಟೆ ಸಿಗುತ್ತದೆ. ಅಲ್ಲಿಂದ ಸುಮಾರು ಆರು ಗಂಟೆ ಹಿಂದೆ ಅಥವಾ ಮುಂದೆ ಇಳಿತ. ನಾವು ಆರಿಸಿಕೊಂಡ ಭಾನುವಾರ ಪಂಚಮಿ. ಐದರ ಮುಕ್ಕಾಲು ಮೂರೂಮುಕ್ಕಾಲು. ಅಂದರೆ ಭರತ ಮಧ್ಯಾಹ್ನ ಸುಮಾರು 3.45ಕ್ಕೆ, ಇಳಿತ ಬೆಳಗ್ಗೆ ಹತ್ತರ ಆಸುಪಾಸು. ಮೂವತ್ತು ವರ್ಷ ಬಡ್ಡಿಯ ಲೆಕ್ಕ ಹಾಕಿದ ನನಗೆ ಇಷ್ಟು ಸಲೀಸಾದ ಲೆಕ್ಕ ಸಿಕ್ಕಿದ್ದು ಇದೇ ಮೊದಲು. ಆದರೂ ಹೊರಡುವ ಮುನ್ನ ಉಬ್ಬರವಿಳಿತದ ಪಟ್ಟಿ ನೋಡಿಕೊಂಡೆ. ಬಾಯಿಲೆಕ್ಕ ಸರಿಯಾಗಿಯೇ ಇತ್ತು.

ಬೆಳಗಿನ ಜಾವ 4.30ಕ್ಕೆ ಸ್ವಾರಗೇಟ್‌ನಿಂದ ಹೊರಟ ಬಸ್ಸು ಚಿಂಚವಾಡದಲ್ಲಿ ಉಳಿದವರನ್ನು ಹತ್ತಿಸಿಕೊಂಡು ಲೋಣಾವಳೆ ದಾಟಿ, ಖೋಪೋಲಿಗೆ ಇಳಿದು ಪೇಣ್ ದಾರಿ ಹಿಡಿಯಿತು. ಗಣಪತಿ ಮೂರ್ತಿಗಳಿಗೆ ಹೆಸರಾದ ಪೇಣ್‌ನಲ್ಲಿ ಪೋಹೆ, ಚಹ. ಸುಮಾರು 145 ಕಿ.ಮೀ. ದಾರಿ ಮುಗಿಸಿ ಒಂಬತ್ತರ ಹೊತ್ತಿಗೆ ಅಲಿಬಾಗ್ ಮುಟ್ಟಿದಾಗ ನೀರು ಹಿಂದೆ ಸರಿದು, ಒದ್ದೆ ಮರಳಿನ ಮೇಲೆ ಜನ ಸಾಲಾಗಿ ಕೋಟೆಯತ್ತ ನಡೆಯುತ್ತಿದ್ದರು.

ಶಿವಾಜಿ ಮಹಾರಾಜರು 1680ರಲ್ಲಿ ಕಟ್ಟಲು ಆರಂಭಿಸಿದ ಈ ಕೋಟೆಯನ್ನು ಸಂಭಾಜಿ ಮಹಾರಾಜರು ಪೂರ್ತಿಗೊಳಿಸಿದರು. ಮುಂದೆ ಇದು ಮರಾಠಾ ನೌಕಾಪಡೆಯ ದಂಡನಾಯಕ ಕಾನ್ಹೋಜಿ ಆಂಗ್ರೆಯವರ ನೆಲೆಯಾಯಿತು. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಒಟ್ಟಾಗಿ ಬಂದು ಮುತ್ತಿಗೆ ಹಾಕಿದರೂ ಕೋಟೆ ಬಗ್ಗಲಿಲ್ಲ. ಆಂಗ್ರೆಯವರು 'ಅಲಿಬಾಗಿ ರುಪಾಯಿ' ಎಂಬ ಬೆಳ್ಳಿ ನಾಣ್ಯವನ್ನೂ ಟಂಕಿಸಿದ್ದರು. ಗೋಡೆಯ ದೊಡ್ಡ ಕಲ್ಲುಗಳ ನಡುವೆ ಗಾರೆ ಇಲ್ಲ. ಅಲೆ ಬಂದು ಬಡಿದರೆ ನೀರು ಸಂದಿಯಲ್ಲಿ ನುಗ್ಗಿ ತನ್ನ ರಭಸ ಕಳೆದುಕೊಳ್ಳುತ್ತದೆ. ಒಳಗೆ 1759ರಲ್ಲಿ ರಾಘೋಜಿ ಆಂಗ್ರೆ ಕಟ್ಟಿಸಿದ ಸಿದ್ಧಿವಿನಾಯಕನ ಗುಡಿ. ಸುತ್ತ ಉಪ್ಪುನೀರು, ನಡುವೆ ಸಿಹಿನೀರಿನ ಬಾವಿ.

ಎಲ್ಲರೂ 11.30ಕ್ಕೆ ಬಾಗಿಲ ಬಳಿ ಸೇರಬೇಕೆಂದು ಹೇಳಿದ್ದೆ. ಎಣಿಸಿದರೆ 42. ಮತ್ತೆ ಎಣಿಸಿದೆ, 42. ಬರುವಾಗ ಪಾದ ಮುಳುಗುತ್ತಿದ್ದ ಕಡೆ ಈಗ ನೀರು ಮೊಳಕಾಲಿನ ಹತ್ತಿರ ಬಂದಿತ್ತು. ನಾವೆಲ್ಲ 'ಗಂಗೊಳ್ಳಿ ಮಾವ' ಎಂದು ಕರೆಯುವ ಹಿರಿಯರೂ ಅವರ ಎಂಟು ವರ್ಷದ ಮೊಮ್ಮಗಳೂ ಕಾಣುತ್ತಿರಲಿಲ್ಲ. ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಬಂದು, ಪುಣೆಯ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಶುರು ಮಾಡಿ, ಗಲ್ಲಾದವರೆಗೆ ಬೆಳೆದವರು ಮಾವ. ಅವರ ಮಗ ಬಸ್ಸಿನಲ್ಲಿ ಎರಡು ಸಲ ಹೇಳಿದ್ದ, "ಅಪ್ಪನಿಗೆ ಮೊಳಕಾಲು ನೋವು, ಸ್ವಲ್ಪ ನೋಡಿಕೊಳ್ಳಿ." ನನ್ನ ಬೆವರು ಇಳಿಯತೊಡಗಿತು.

ಇಬ್ಬರು ಹುಡುಗರನ್ನು ಕರೆದುಕೊಂಡು ಒಳಗೆ ಓಡಿದೆ. ಅವರು ಗೋಡೆಯ ಮೇಲೆ, ತೆಂಕು ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ಮೊಮ್ಮಗಳು ಪಕ್ಕದಲ್ಲಿ ಚಿಪ್ಪು ಜೋಡಿಸುತ್ತಿದ್ದಳು.

"ಮಾವ, ನೀರು ಏರುತ್ತಿದೆ!"

"ಹ್ವಾಯ್, ಇಲ್ಲಿಂದ ನೀರ್ ಹಿಡ್ಕಂಡ್ ಸೀದಾ ತೆಂಕ್ ಹೋರೆ ನಮ್ ಗಂಗೊಳ್ಳಿ ಬತ್ತಿಲ್ಯಾ?"

ಬರುತ್ತದೆ ಎಂದೆ. ಬೇರೆ ಏನು ಹೇಳಲಿ? ಮೊಮ್ಮಗಳು ಇಂಗ್ಲಿಷಿನಲ್ಲಿ ತಂದೆಯನ್ನು ಕೇಳಿದಳು, ತಾತ ಏನು ಹೇಳುತ್ತಿದ್ದಾರೆ ಎಂದು. ನಾವು ಒಬ್ಬರ ಕೈ ಒಬ್ಬರು ಹಿಡಿದು ನೀರು ದಾಟಿದೆವು. ಕೈ ಹಿಡಿಯಲು ಹೋದ ನನಗೆ ಮಾವ "ನೀರ್ ನಂಗ್ ಹೊಸ್ತಾ?" ಎಂದು ಮುಂದೆ ನಡೆದರು. 44 ಜನರೂ ದಂಡೆ ಸೇರಿದ ಮೇಲೆ ನಾನು ಒಂದು ಎಳನೀರು ಕುಡಿದೆ. ಆದರೆ ಆ ಮಗುವಿನ ಪ್ರಶ್ನೆ ತಲೆಯಲ್ಲೇ ಉಳಿಯಿತು. ತಾತ ಆಡಿದ್ದು ಒಂದು ವಾಕ್ಯ. ಅದನ್ನು ಅವಳಿಗೆ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು.

ಶನಿವಾರದ ಗಾಣಿಗರು

ಅಲಿಬಾಗ್ ಪೇಟೆಯೊಳಗೆ 'ಇಸ್ರೇಲ್ ಆಳಿ' ಎಂಬ ಓಣಿ ಇದೆ. ಅಲ್ಲಿ ಮಾಗೆನ್ ಆಬೋತ್ ಎಂಬ ಯಹೂದಿ ಪ್ರಾರ್ಥನಾ ಮಂದಿರ. ಪುಣೆಯವರಿಗೆ ಯಹೂದಿಗಳು ಅಪರಿಚಿತರಲ್ಲ. ಕ್ಯಾಂಪಿನ 'ಲಾಲ್ ದೇವುಳ್' ಎಲ್ಲರಿಗೂ ಗೊತ್ತು, ರಾಸ್ತಾ ಪೇಠೆಯಲ್ಲೂ ಒಂದು ಮಂದಿರ ಇದೆ. ಲಾಲ್ ದೇವುಳ್ ಕಟ್ಟಿಸಿದವರು ಬಾಗ್ದಾದ್ ಮೂಲದ ಸಸೂನ್ ಮನೆತನದವರು. ಆದರೆ ಈ ಕರಾವಳಿಯ ಬೆನೆ ಇಸ್ರೇಲಿಗಳ ಕಥೆ ಬೇರೆ, ಬಹಳ ಹಳೆಯದು.

ಎರಡು ಸಾವಿರ ವರ್ಷಗಳ ಹಿಂದೆ ಅಲಿಬಾಗ್‌ಗೆ ಉತ್ತರದ ನವಗಾಂವ್ ಬಳಿ ಹಡಗೊಡೆದು ಏಳು ಗಂಡಸರು, ಏಳು ಹೆಂಗಸರು ಬದುಕುಳಿದರು, ತಾವು ಅವರ ಸಂತತಿ ಎಂಬುದು ಅವರ ನಂಬಿಕೆ. ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವರು ಹಳ್ಳಿಹಳ್ಳಿಗಳಲ್ಲಿ ನೆಲೆಸಿ ಎಣ್ಣೆಗಾಣ ಹಿಡಿದರು. ಕಿಹೀಮ್‌ನವರು ಕೆಹಿಮಕರ್, ಚೌಲ್‌ನವರು ಚೇವುಲಕರ್, ಪೇಣ್‌ನವರು ಪೇಣಕರ್ ಆದರು. ಮನೆಮಾತು ಮರಾಠಿಯಾಯಿತು. ಹೀಬ್ರೂ ಭಾಷೆಯಲ್ಲಿ ಪ್ರಾರ್ಥನೆಯ ಕೆಲವು ಮಾತು ಬಿಟ್ಟು ಉಳಿದದ್ದೆಲ್ಲ ಮರೆತುಹೋಯಿತು. ಆದರೆ ಶನಿವಾರ ಗಾಣ ಕಟ್ಟುವುದಿಲ್ಲ ಎಂಬ ಒಂದು ನಿಯಮವನ್ನು ಅವರು ಬಿಡಲಿಲ್ಲ. ಊರಿನವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಆ ಒಂದು ರಜೆಯೇ ಅವರ ಗುರುತಾಗಿ ಉಳಿಯಿತು.

1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಅವರಲ್ಲಿ ಬಹುಪಾಲು ಜನ ಅಲ್ಲಿಗೆ ಹೋದರು. ಮೆಡಿಟರೇನಿಯನ್ ದಂಡೆಯ ಅಶ್ದೋದ್‌ನಂಥ ಊರುಗಳಲ್ಲಿ ಮನೆ ಮಾಡಿದರು. ಇಲ್ಲಿ ಉಳಿದವರು ಕೆಲವೇ ಸಾವಿರ. ಪೂರ್ವಜರ ನಾಡೆಂದು ಹೋದವರು ಅಲ್ಲಿ ಹೋಗಿ ಮಾಡಿದ್ದೇನು ಗೊತ್ತೇ? ಮರಾಠಿ ಉಳಿಸಿಕೊಳ್ಳಲು ಹೆಣಗಿದರು. 'ಮಾಯಬೋಲಿ' ಎಂಬ ಮರಾಠಿ ಪತ್ರಿಕೆ ಹೊರಡಿಸಿದರು, ಮರಾಠಿ ನಾಟಕ ಆಡಿದರು. ಪುಣೆಯಲ್ಲಿ ಕೂತು ನಾವು ಕನ್ನಡಕ್ಕಾಗಿ ಮಾಡುವ ಕೆಲಸವನ್ನೇ ಅವರು ಆ ಕಡಲ ದಂಡೆಯಲ್ಲಿ ಮರಾಠಿಗಾಗಿ ಮಾಡಿದರು. ಇದನ್ನು ಓಣಿಯಲ್ಲಿ ನಿಂತು ವಿವರಿಸಿದಾಗ ನಮ್ಮ ಸದಸ್ಯೆಯೊಬ್ಬರು, "ಹಾಗಾದರೆ ಅವರಲ್ಲೂ ಚಂದಾ ಕೊಡದ ಸದಸ್ಯರು ಇರುತ್ತಾರೆ" ಎಂದರು. ಖಜಾಂಚಿಯಾಗಿ ನಾನು ಮಾತ್ರ ನಗಲಿಲ್ಲ.

ಅಲ್ಲಿ ಮರಾಠಿ ಕಲ್ಲು, ಇಲ್ಲಿ ಕನ್ನಡ ದೊರೆ

ಅಲಿಬಾಗ್‌ನಲ್ಲಿ ಊಟ, ಸೋಲ್‌ಕಢಿ ಮುಗಿಸಿ ಐದಾರು ಕಿ.ಮೀ. ದಕ್ಷಿಣಕ್ಕೆ ಬಂದರೆ ಆಕ್ಷಿ. ತೆಂಗು, ಅಡಿಕೆ, ನಡುವೆ ಕೆಂಪು ಹಂಚಿನ ಮನೆಗಳು. ಕುಮಟಾ, ಹೊನ್ನಾವರದ ಕಡೆಯವರು ಬಸ್ಸಿನಲ್ಲೇ ನಿಟ್ಟುಸಿರು ಬಿಟ್ಟರು. ರಾಣೆಬೆನ್ನೂರಿನ ಕರಿಮಣ್ಣಿನವನಾದ ನನಗೂ ಇಳಿದುಬಿಡೋಣ ಎನ್ನಿಸಿತು.

ಇಲ್ಲಿನ ಕಲ್ಲೊಂದು ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದು. ಶಿಲಾಹಾರ ದೊರೆ ಕೇಶಿದೇವರಾಯನ ಕಾಲದ್ದು. ಶಕ 934, ಅಂದರೆ ಕ್ರಿ.ಶ. 1012 ಎಂದು ಹಲವರು ಓದುತ್ತಾರೆ, ಕಾಲದ ಬಗ್ಗೆ ಭಿನ್ನಾಭಿಪ್ರಾಯವೂ ಇದೆ. ದೇವಿಗೆ ಕೊಟ್ಟ ಧಾನ್ಯದ ದತ್ತಿಯ ವಿಷಯ ಅದರಲ್ಲಿದೆ. ನಮ್ಮೂರಿನ ವೀರಗಲ್ಲುಗಳಲ್ಲಿ ನೋಡುವ ಹಾಗೆ ಮೇಲೆ ಸೂರ್ಯ ಚಂದ್ರರ ಗುರುತು. ಬಹುಕಾಲ ಅದು ದಾರಿ ಬದಿಯಲ್ಲಿ ಕೇಳುವವರಿಲ್ಲದೆ ನಿಂತಿತ್ತು.

ಇದಕ್ಕೂ ಹಿಂದಿನದೆಂದು ಬಹಳ ಕಾಲ ಹೇಳಲಾಗುತ್ತಿದ್ದ ಮರಾಠಿ ಬರಹ ಎಲ್ಲಿದೆ ಎಂದು ಬಳಗದವರನ್ನು ಕೇಳಿದೆ. ಪೈಠಣ್, ನಾಸಿಕ್, ಕೊಲ್ಹಾಪುರ ಎಂದರು. ಅದು ಇರುವುದು ನಮ್ಮ ಶ್ರವಣಬೆಳಗೊಳದಲ್ಲಿ, ಗೊಮ್ಮಟನ ಪಾದದ ಬಳಿ. ಮೂರ್ತಿಯನ್ನು ಚಾವುಂಡರಾಯ ಮಾಡಿಸಿದ ಎಂಬ ಒಂದೇ ಸಂಗತಿಯನ್ನು ಅಲ್ಲಿ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೆತ್ತಲಾಗಿದೆ. ದೂರದ ಯಾತ್ರಿಕರು ಬಂದು ಓದಿಕೊಳ್ಳಲಿ ಎಂಬ ಸೌಜನ್ಯ ಇದ್ದಿರಬೇಕು. ಇತ್ತ ಈ ಉತ್ತರ ಕೊಂಕಣದ ಶಿಲಾಹಾರರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಅವರ ಬಿರುದುಗಳಲ್ಲಿ 'ಗಂಡ' ಎಂದು ಮುಗಿಯುವ ಅಪ್ಪಟ ಕನ್ನಡದವೂ ಇವೆ. ಮಾನ್ಯಖೇಟ ಎಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ.

ಇದನ್ನು ಹೇಳಿದ ಕೂಡಲೇ ಒಬ್ಬ ಯುವಕ, "ಹಾಗಾದರೆ ಇದೆಲ್ಲ ನಮ್ಮದೇ" ಎಂದು ಎದೆಯುಬ್ಬಿಸಿದ. ಹಿರಿಯರೊಬ್ಬರು ತಿದ್ದಿದರು, "ನಮ್ಮದೂ ಅಲ್ಲ, ಅವರದೂ ಅಲ್ಲ ಮಾರಾಯ. ಬಾಡಿಗೆ ಮನೆಯಲ್ಲಿದ್ದವರು ಮಾಲೀಕರ ಜತೆ ಚೆನ್ನಾಗಿದ್ದರು ಅಂತ ತಿಳ್ಕೋ. ಅದೂ ಯಾರು ಮಾಲೀಕರು, ಯಾರು ಬಾಡಿಗೆಯವರು ಅನ್ನೋದು ನೂರು ವರ್ಷಕ್ಕೊಮ್ಮೆ ಬದಲಾಗ್ತದೆ."

ಚೌಲ್ ಬಂದರಿನಿಂದ ಬೀದರಿಗೆ

ಚೌಲ್ ಈಗ ತೋಟಗಳ ನಡುವಿನ ಊರು. ಆದರೆ ಒಂದನೆಯ ಶತಮಾನದ ಗ್ರೀಕ್ ನಾವಿಕನ ಕೈಪಿಡಿ 'ಪೆರಿಪ್ಲಸ್'ನಲ್ಲಿ ಸೆಮಿಲ್ಲ ಎಂದು ಬರುವ ಬಂದರು ಇದೇ ಎನ್ನುತ್ತಾರೆ. ಮೆಡಿಟರೇನಿಯನ್ ತೀರದ ಅಲೆಕ್ಸಾಂಡ್ರಿಯಾದ ವ್ಯಾಪಾರ, ಕೆಂಪು ಸಮುದ್ರದ ದಾರಿಯಾಗಿ ಮುಂಗಾರು ಗಾಳಿ ಹಿಡಿದು ಈ ಕರಾವಳಿಯನ್ನು ಮುಟ್ಟುತ್ತಿತ್ತು. ನಮ್ಮ ಸದಸ್ಯರು ಮೊಬೈಲಿನಲ್ಲಿ ತೋರಿಸಿದ ಕಡಲಿಗೂ ಈ ದಂಡೆಗೂ ಅಂದಿನಿಂದಲೇ ನಂಟಿದೆ.

ಹತ್ತನೆಯ ಶತಮಾನದ ಆರಂಭದಲ್ಲಿ ಅರಬ್ ಪ್ರವಾಸಿ ಅಲ್ ಮಸೂದಿ ಇಲ್ಲಿಗೆ ಬಂದಿದ್ದ. ಆಗ ಇದು ರಾಷ್ಟ್ರಕೂಟರ ಆಳ್ವಿಕೆಗೆ ಸೇರಿತ್ತು. ಊರನ್ನು ಅವನು ಸೈಮೂರ್ ಎಂದೂ, ರಾಜಧಾನಿ ಮಾನ್ಯಖೇಟವನ್ನು ಮಾನ್ಕೀರ್ ಎಂದೂ ಕರೆದ. ಅವನು ಬರೆದಿಟ್ಟ ಒಂದು ಸಂಗತಿ ಕನ್ನಡಿಗರಿಗೆ ಬಹಳ ಮುಖ್ಯ. ರಾಜಧಾನಿಯ ಜನರ ಮಾತು 'ಕೀರಿಯಾ', ಕರಾವಳಿಯ ಈ ಬಂದರುಗಳ ಮಾತು ಬೇರೆ, 'ಲಾರಿಯಾ' ಎನ್ನುತ್ತಾನೆ. ಕೀರಿಯಾ ಎಂದರೆ ಕನ್ನಡವೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಅಂದರೆ ಸಾವಿರದ ನೂರು ವರ್ಷಗಳ ಹಿಂದೆಯೇ ಈ ಊರಿನಲ್ಲಿ ಮನೆಯಲ್ಲಿ ಒಂದು ಮಾತು, ಅರಸನ ಪಟ್ಟಣದಲ್ಲಿ ಇನ್ನೊಂದು ಮಾತು, ಬಂದರಿಗೆ ಬಂದಿಳಿದ ಅರಬರದು ಮತ್ತೊಂದು ಮಾತು. ಹೊರಗಿನ ಭಾಷೆಯ ನಡುವೆ ಬದುಕುವ ಕಷ್ಟ ನಮ್ಮ ತಲೆಮಾರಿಗೆ ಮಾತ್ರ ಬಂದದ್ದಲ್ಲ.

ಚೌಲ್‌ಗೆ ಹೊಂದಿಕೊಂಡೇ ರೇವದಂಡಾ. ಪೋರ್ಚುಗೀಸರು 16ನೇ ಶತಮಾನದಲ್ಲಿ ಕಟ್ಟಿದ ಕೋಟೆಯ ಗೋಡೆ ಊರನ್ನು ಸುತ್ತುವರಿದಿದೆ. ಏಳಂತಸ್ತಿನದೆಂದು ಹೇಳುವ 'ಸಾತ್‌ಖಣಿ ಬುರುಜ್' ಅರ್ಧ ಕುಸಿದು ನಿಂತಿದೆ. ಗೋಡೆಯೊಳಗೆ ಈಗ ತೆಂಗು, ಅಡಿಕೆ, ಬಾವಿಯ ಪಂಪಿನ ಸದ್ದು.

ಇಲ್ಲಿನ ಶಿಕ್ಷಣ ಸಂಸ್ಥೆಯೊಂದರ ಆವರಣದಲ್ಲಿ ರಷ್ಯದ ಅಫನಾಸಿ ನಿಕಿತಿನ್ ನೆನಪಿಗೆ 2002ರಲ್ಲಿ ಒಂದು ಸ್ಮಾರಕ ಸ್ಥಾಪಿಸಲಾಗಿದೆ. 15ನೇ ಶತಮಾನದಲ್ಲಿ ತ್ವೇರ್ ಎಂಬ ಊರಿನಿಂದ ಹೊರಟ ಈ ವ್ಯಾಪಾರಿ ಹೊರ್ಮುಜ್‌ನಿಂದ ಒಂದು ಕುದುರೆಯೊಡನೆ ಹಡಗು ಹತ್ತಿ ಚೌಲ್‌ಗೆ ಬಂದಿಳಿದ. ಘಟ್ಟ ಹತ್ತಿ ನಮ್ಮ ಪುಣೆ ಜಿಲ್ಲೆಯ ಜುನ್ನರ್ ಸೇರಿ, ಮಳೆಗಾಲ ಅಲ್ಲೇ ಕಳೆದ. ಅಲ್ಲಿನ ಖಾನ ಅವನ ಕುದುರೆ ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆ ಎಂದ. ಖೊರಾಸಾನದ ಒಬ್ಬ ದೊಡ್ಡ ಮನುಷ್ಯ ನಡುವೆ ಬಂದು ಕುದುರೆ ಬಿಡಿಸಿಕೊಟ್ಟ. ಅಲ್ಲಿಂದ ನಿಕಿತಿನ್ ಹೋದದ್ದು ಬಹಮನಿ ಸುಲ್ತಾನರ ರಾಜಧಾನಿ ಬೀದರಿಗೆ. ಬೀದರಿನಿಂದ ಪುಣೆಗೆ ಬಂದು ನೆಲೆಸಿದ ಸದಸ್ಯರು ನಮ್ಮಲ್ಲೂ ಇದ್ದಾರೆ. "ನಾವು ಬಂದ ದಾರಿಯಲ್ಲಿ ಅವನು ಹೋದ" ಎಂದು ಅವರೊಬ್ಬರು ಹೇಳಿದರು.

ನಿಕಿತಿನ್ ತನ್ನ ಬರಹದಲ್ಲಿ ತೋಡಿಕೊಂಡ ಒಂದು ಸಂಕಟ ನನ್ನನ್ನು ತಟ್ಟಿತು. ದಾರಿಯಲ್ಲಿ ದರೋಡೆಯಾಗಿ ಅವನ ಪುಸ್ತಕಗಳು ಹೋಗಿದ್ದವು. ಹೀಗಾಗಿ ತನ್ನ ಹಬ್ಬ, ಉಪವಾಸಗಳು ಯಾವ ದಿನ ಬರುತ್ತವೆ ಎಂದೇ ಅವನಿಗೆ ತಿಳಿಯದಾಯಿತು. ಲೆಕ್ಕ ತಪ್ಪಿದ ಪರದೇಶಿ. ಕೊನೆಗೂ ಅವನು ತನ್ನ ಊರು ಮುಟ್ಟಲಿಲ್ಲ, ಸ್ಮೋಲೆನ್ಸ್ಕ್ ಹತ್ತಿರ ದಾರಿಯಲ್ಲೇ ತೀರಿಕೊಂಡ.

ಕೋರ್ಲಾಯಿಯ 'ನಮ್ಮ ಮಾತು'

ರೇವದಂಡಾದ ಖಾಡಿಯ ಮೇಲಿನ ಸೇತುವೆ ದಾಟಿದರೆ ಕೋರ್ಲಾಯಿ. ಬಹುತೇಕ ಪ್ರವಾಸಿಗರು ಇದನ್ನು ದಾಟಿ ಕಾಶಿದ್ ಬೀಚ್, ಮುರುಡ್ ಜಂಜಿರಾ ಕಡೆ ಓಡುತ್ತಾರೆ. ಒಂದೇ ದಿನದ ಪ್ರವಾಸವಾದ್ದರಿಂದ ನಾವು ಇಲ್ಲಿಗೇ ನಿಲ್ಲಿಸಿದೆವು. ಗುಡ್ಡದ ಮೇಲೆ ಕೋಟೆ, ಕೆಳಗೆ ದೀಪಸ್ತಂಭ, ದೋಣಿಗಳು, ಮೀನು ಒಣಗಿಸುವ ಅಂಗಳಗಳು, ಒಂದು ಚರ್ಚು. ಚರ್ಚಿನ ಸುತ್ತಲ ಮನೆಗಳಲ್ಲಿ ಇಂದಿಗೂ ಜನ ಆಡುವುದು ಪೋರ್ಚುಗೀಸ್ ಮತ್ತು ಮರಾಠಿ ಬೆರೆತು ಹುಟ್ಟಿದ ಒಂದು ಭಾಷೆ. ಅದಕ್ಕೆ ಅವರು ಇಟ್ಟ ಹೆಸರು 'ನೋ ಲಿಂಗ್'. ಹಾಗೆಂದರೆ 'ನಮ್ಮ ಮಾತು'.

ಪೋರ್ಚುಗೀಸರು ಈ ಪ್ರದೇಶವನ್ನು ಮರಾಠರಿಗೆ ಬಿಟ್ಟು ಹೋದದ್ದು 1740ರಲ್ಲಿ. ಅದಾಗಿ ಇನ್ನೂರ ಎಂಬತ್ತು ವರ್ಷ ಮೀರಿದೆ. ಆ ಭಾಷೆಗೆ ಅಂದಿನಿಂದ ರಾಜನಿಲ್ಲ, ಶಾಲೆಯಿಲ್ಲ, ಬರಹದ ಪದ್ಧತಿ ಇಲ್ಲ, ನೌಕರಿ ಕೊಡಿಸುವ ಶಕ್ತಿಯಂತೂ ಇಲ್ಲವೇ ಇಲ್ಲ. ಚರ್ಚಿನ ಪ್ರಾರ್ಥನೆಯೂ ಮರಾಠಿಗೆ ಬಂದಿದೆ. ಆಡುವವರು ಒಂದು ಸಾವಿರದ ಆಸುಪಾಸು. ನಮ್ಮ ಪಿಂಪ್ರಿ-ಚಿಂಚವಾಡದ ಒಂದೆರಡು ದೊಡ್ಡ ಸೊಸೈಟಿಗಳಲ್ಲಿ ಅದಕ್ಕಿಂತ ಹೆಚ್ಚು ಜನ ವಾಸವಾಗಿದ್ದಾರೆ.

ಅಂಗಳದಲ್ಲಿ ಮೀನು ಆರಿಸುತ್ತ ಕೂತಿದ್ದ ಹಿರಿಯ ಹೆಂಗಸೊಬ್ಬರು ಪಕ್ಕದಲ್ಲಿದ್ದ ಮಗುವನ್ನು ಗದರಿದರು. ನಮಗೆ ಒಂದಕ್ಷರ ತಿಳಿಯಲಿಲ್ಲ. ಮಗು ಉತ್ತರ ಕೊಟ್ಟು ಓಡಿತು, ಅದೂ ತಿಳಿಯಲಿಲ್ಲ. ಗಂಗೊಳ್ಳಿ ಮಾವ ತಮ್ಮ ಹೋಟೆಲ್ ಮರಾಠಿಯಲ್ಲಿ ಮಾತಿಗೆಳೆದರು. "ಬಾಯಿ, ಇದನ್ನು ಮಕ್ಕಳಿಗೆ ಯಾರು ಕಲಿಸುತ್ತಾರೆ?"

ಆ ತಾಯಿ ನಕ್ಕರು. "ಕಲಿಸೋದೇನು? ಊಟಕ್ಕೆ ಕರೆಯೋದು ಇದರಲ್ಲೇ, ಬೈಯೋದೂ ಇದರಲ್ಲೇ. ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ಮರಾಠಿ. ಮನೆಯೊಳಗೆ ಬಂದ ಮೇಲೆ ನಮ್ಮ ಮಾತು." ಸ್ವಲ್ಪ ಹೊತ್ತು ಬಿಟ್ಟು, "ಈಗಿನ ಹುಡುಗರು ಕೆಲಸಕ್ಕೆ ಮುಂಬಯಿಗೆ ಹೋಗುತ್ತಾರೆ. ಅಲ್ಲಿ ಹುಟ್ಟುವ ಮಕ್ಕಳದು ಏನೋ ಗೊತ್ತಿಲ್ಲ" ಎಂದರು.

ಮಾವ ಸುಮ್ಮನಾದರು. ನಾನೂ ಸುಮ್ಮನಾದೆ. ಮುಂಬಯಿಗೆ ಹೋದವರ ಮಕ್ಕಳದು ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಮನೆಯ ಲೆಕ್ಕ

ಇಲ್ಲಿ ನನ್ನ ಮನೆಯ ಮಾತು ಹೇಳಬೇಕು, ಓದುಗರು ಕ್ಷಮಿಸಬೇಕು. ನಾನು ಪುಣೆಗೆ ಬಂದದ್ದು ಇಪ್ಪತ್ತರ ಹರೆಯದಲ್ಲಿ. ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದೆ. ಮಗ ಹುಟ್ಟಿದ. ಇಂಗ್ಲಿಷ್ ಶಾಲೆಗೆ ಹಾಕಿದೆವು. ಹೋಂವರ್ಕ್ ಇಂಗ್ಲಿಷಿನಲ್ಲಿ, ಆಟ ಮರಾಠಿಯಲ್ಲಿ. ನಾನೂ ನನ್ನಾಕೆಯೂ ಅವನೆದುರು ಕನ್ನಡದಲ್ಲಿ ಮಾತಾಡುತ್ತಿದ್ದುದು ಯಾವಾಗ ಗೊತ್ತೇ? ಅವನಿಗೆ ತಿಳಿಯಬಾರದ ವಿಷಯ ಇದ್ದಾಗ. ಸಾಲದ ಕಂತು, ಊರಿನ ಜಗಳ, ಯಾರದೋ ಕಾಯಿಲೆ. ಅವನ ಪಾಲಿಗೆ ಕನ್ನಡ ಅಪ್ಪ ಅಮ್ಮನ ಗುಟ್ಟಿನ ಭಾಷೆಯಾಯಿತು. ಗುಟ್ಟಿನ ಭಾಷೆಯನ್ನು ಯಾವ ಮಗು ತನ್ನದೆಂದುಕೊಳ್ಳುತ್ತದೆ?

ರಾಣೆಬೆನ್ನೂರಿನಿಂದ ನನ್ನ ಅವ್ವ ಫೋನ್ ಮಾಡಿದರೆ ಅವನು ಎರಡೇ ವಾಕ್ಯ ಹೇಳುತ್ತಿದ್ದ: "ಆರಾಮ ಅದೀರಿ ಅಜ್ಜಿ? ಅಪ್ಪಗ ಕೊಡ್ತೀನಿ." ಅವ್ವ 2019ರಲ್ಲಿ ತೀರಿಕೊಂಡಳು. ಅಜ್ಜಿ ಮೊಮ್ಮಗನ ನಡುವೆ ಅಷ್ಟು ವರ್ಷಗಳಲ್ಲಿ ಆಡಿದ ಮಾತು ಆ ಎರಡು ವಾಕ್ಯ ದಾಟಲಿಲ್ಲ. ಅವಳು ಹೇಳುತ್ತಿದ್ದ ಕಥೆಗಳು ಅವನಿಗೆ ಸಿಗಲಿಲ್ಲ, ಅವನು 12ನೇ ಇಯತ್ತೆಯಲ್ಲಿ ಪಡೆದ ಅಂಕ ಎಷ್ಟು ದೊಡ್ಡದೆಂದು ಅವಳಿಗೆ ಅವನ ಬಾಯಿಂದ ಕೇಳಲು ಸಿಗಲಿಲ್ಲ. ಯಾರೂ ತಡೆದಿರಲಿಲ್ಲ. ಮರಾಠಿ ನೆರೆಹೊರೆಯವರು ಎಂದೂ ಬೇಡ ಎಂದಿರಲಿಲ್ಲ. ತಪ್ಪು ನಮ್ಮ ಮನೆಯೊಳಗಿನದು. ಮಗ ಒಳ್ಳೆಯವನು, ಒಳ್ಳೆಯ ನೌಕರಿಯಲ್ಲಿದ್ದಾನೆ. ಆದರೆ ಈ ಲೇಖನವನ್ನು ಅವನು ಓದಲಾರ.

ಬಳಗದ ವೇದಿಕೆಗಳಲ್ಲಿ ಕನ್ನಡಕ್ಕೆ ಎಂಟು ಜ್ಞಾನಪೀಠ ಬಂದಿದೆ ಎಂದು ನಾವು ಭಾಷಣ ಮಾಡುತ್ತೇವೆ. ನವೆಂಬರ್‌ನಲ್ಲಿ ಧ್ವಜ ಏರಿಸುತ್ತೇವೆ. ಅದೆಲ್ಲ ಬೇಕು. ಆದರೆ ಒಂದೂ ಪುಸ್ತಕವಿಲ್ಲದ ಕೋರ್ಲಾಯಿಯ ಮಾತು ಬದುಕಿದ್ದು ಊಟಕ್ಕೆ ಕರೆಯುವುದರಿಂದ, ಬೈಯುವುದರಿಂದ. ಕನ್ನಡದಲ್ಲಿ ಪತ್ರಿಕೆ ಇದೆ, ಪುಣೆಯಲ್ಲೇ ಕನ್ನಡ ಶಾಲೆ ಇದೆ, ಗ್ರಂಥ ಇದೆ. ಊಟಕ್ಕೆ ಕರೆಯುವುದು ಮಾತ್ರ ನಮ್ಮ ಎಷ್ಟೋ ಮನೆಗಳಲ್ಲಿ ನಿಂತುಹೋಗಿದೆ.

ಮರಳಿ ಘಾಟ್ ಹತ್ತಿ

ಸಂಜೆ 5.15ಕ್ಕೆ ಹೊರಟೆವು. ದಾರಿಯಲ್ಲಿ ಅಲಿಬಾಗಿನ ಹೆಸರಾಂತ ಬಿಳಿ ಈರುಳ್ಳಿ ಜಡೆ ಹೆಣೆದು ಮಾರುತ್ತಿದ್ದರು. 2022ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸೋದರಿಯರು ಇಳಿದು ಕೊಂಡ ಈರುಳ್ಳಿ ತುಂಬಿ ಬಸ್ಸಿನ ಡಿಕ್ಕಿ ಮುಚ್ಚಲಿಲ್ಲ. ಈ ಭಾಗದವರು ಚಳಿಗಾಲದಲ್ಲಿ ಅವರೆಕಾಯಿಯನ್ನು ಮಡಕೆಯಲ್ಲಿ ತುಂಬಿ ಸುತ್ತ ಬೆಂಕಿ ಹಾಕಿ ಬೇಯಿಸುವ 'ಪೋಪಟಿ' ತಿನ್ನಬೇಕೆಂದು ಮೈಸೂರಿನವರು ಹಟ ಹಿಡಿದರು. ಹೊತ್ತಾಗಿತ್ತು, ಮುಂದಿನ ವರ್ಷಕ್ಕೆ ಬಾಕಿ ಇಟ್ಟೆವು.

ಖೋಪೋಲಿ ದಾಟುವಾಗ ಹಿಂದಿನ ಸೀಟಿನಿಂದ ಸದ್ದು ಕೇಳಿಸಿತು. ಗಂಗೊಳ್ಳಿ ಮಾವ ಮೊಮ್ಮಗಳ ಅಂಗೈಯಲ್ಲಿ ಒಂದೊಂದೇ ಚಿಪ್ಪು ಇಡುತ್ತ ಹೇಳಿಸುತ್ತಿದ್ದರು. "ಇದ್ ಎಂತ? ಮರುವಾಯಿ. ಹೇಳ್, ಮರುವಾಯಿ." ಅವಳು ಹೇಳಿದಳು. ಉಚ್ಚಾರ ಮರಾಠಿಯ ಹಾಗಿತ್ತು. ಇನ್ನೂ ಮೂರು ಮಕ್ಕಳು ಬಂದು ಸೀಟಿನ ಹಿಂದೆ ನಿಂತರು. ಲೋಣಾವಳೆ ಬರುವಷ್ಟರಲ್ಲಿ ಕಡಲು, ಅಲೆ, ದೋಣಿ, ಬಲೆ, ಹೊಯ್ಗೆ ಎಲ್ಲ ಆಗಿತ್ತು. ಕೊನೆಗೆ ಆ ಹುಡುಗಿ ತಾನಾಗಿಯೇ ಕೇಳಿದಳು, "ಅಜ್ಜ, ಗಂಗೊಳ್ಳಿ ಎಲ್ಲಿ?" ಮೂರೇ ಮೂರು ಪದ. ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

ರಾತ್ರಿ 10.30ಕ್ಕೆ ಸ್ವಾರಗೇಟ್ ಮುಟ್ಟಿದೆವು. ಮರುವಾರದ ಸಭೆಗೆ ನಾನು ಲೆಕ್ಕ ಒಪ್ಪಿಸಿದೆ. ಜಮೆ 52,800 ರೂ. ಬಸ್ ಬಾಡಿಗೆ, ಟೋಲ್, ಚಾಲಕರ ಭತ್ಯೆ ಸೇರಿ 31,000. ತಿಂಡಿ, ಊಟ, ಚಹ 17,600. ಕೋಟೆಯ ಟಿಕೆಟ್ 850. ನೀರು, ಔಷಧಿ ಇತ್ಯಾದಿ 1,150. ಉಳಿಕೆ 2,200 ರೂ. ಈ ಹಣವನ್ನು ಮಕ್ಕಳ ಅಂಕಲಿಪಿ, ಕಥೆ ಪುಸ್ತಕಗಳಿಗೆ ಬಳಸಲು ಸಭೆ ಸರ್ವಾನುಮತದಿಂದ ಒಪ್ಪಿತು. ಮಕ್ಕಳು ಬಾರದೆ ಮೂರು ವರ್ಷದಿಂದ ನಿಂತಿದ್ದ ನಮ್ಮ ಭಾನುವಾರದ ಕನ್ನಡ ತರಗತಿ ಬೆಳಗ್ಗೆ 10ರಿಂದ 11ರವರೆಗೆ ಮತ್ತೆ ನಡೆಯುತ್ತಿದೆ. ಸದ್ಯ ಏಳು ಮಕ್ಕಳಿದ್ದಾರೆ. ಅಕ್ಷರ ಕಲಿಸುವ ಕೆಲಸ ನನ್ನದು, ಮಾತು ಕಲಿಸುವುದು ಮಾವನದು. ಪಾಲಕರಿಗೆ ಒಂದೇ ಶರತ್ತು: ರಾತ್ರಿ ಊಟಕ್ಕೆ ಮಕ್ಕಳನ್ನು ಕನ್ನಡದಲ್ಲೇ ಕರೆಯಬೇಕು.

ಮಗನಿಗೂ ಹೇಳಿದ್ದೇನೆ. "ಈಗ ಕಲಿಯೋದಾ ಅಪ್ಪಾ?" ಎಂದು ನಕ್ಕ. ಆದರೆ ಕಳೆದ ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ.

ಹೋಗಬಯಸುವವರಿಗೆ: ತಿಥಿ ನೋಡಿ ದಿನ ಆರಿಸಿ. ಚೌತಿಯಿಂದ ಷಷ್ಠಿಯವರೆಗಿನ ದಿನಗಳಲ್ಲಿ ಇಳಿತ ಬೆಳಗ್ಗೆ ಬರುತ್ತದೆ. ಬಾಯಿಲೆಕ್ಕದ ಜತೆ ಅಂದಿನ ಉಬ್ಬರವಿಳಿತದ ಪಟ್ಟಿಯನ್ನೂ ನೋಡಿ, ದಂಡೆಯಲ್ಲಿರುವ ಸ್ಥಳೀಯರನ್ನು ಕೇಳಿಯೇ ಕುಲಾಬಾ ಕೋಟೆಗೆ ಇಳಿಯಿರಿ. ನೀರು ತಿರುಗಿದ ಕೂಡಲೇ ಮರಳಿ ಹೊರಡಿ. ಮಳೆಗಾಲದಲ್ಲಿ ಈ ಸಾಹಸ ಬೇಡ. ಪ್ರಾರ್ಥನಾ ಮಂದಿರ, ಚರ್ಚುಗಳಲ್ಲಿ ಅನುಮತಿ ಪಡೆದು ಒಳಗೆ ಹೋಗಿ. ಕೋರ್ಲಾಯಿಯಲ್ಲಿ ಜನರ ಫೋಟೋ ತೆಗೆಯುವ ಮೊದಲು ಎರಡು ಮಾತಾಡಿ. ಹಿರಿಯರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಮಕ್ಕಳನ್ನು ಅವರ ಪಕ್ಕದಲ್ಲೇ ಕೂರಿಸಿ.